ಕಂದುಗೂದಲ ಹಂಬಲ

ಕನ್ನಡದಲ್ಲಿ ‘ಕಂದು’ ಎಂಬುದು ಒಂದು ಬಣ್ಣದ ಹೆಸರು; ಬಾಡುವ ಕ್ರಿಯೆಗೂ ಅದೇ ಹೆಸರು. ಬಿಸಿಲಿಗೆ ಹೂ ಕಂದುತ್ತದೆ, ಅವಮಾನಕ್ಕೆ ಮೋರೆ ಕಂದುತ್ತದೆ. ಹೀಗೆ ಕಂದುವುದನ್ನು ಯಾರೂ ಬಯಸಿದವರಲ್ಲ. ಆದರೆ ತಲೆಗೂದಲಿನ ಮಟ್ಟಿಗೆ ಈಚೆಗೆ ಈ ನಿಯಮ ತಲೆಕೆಳಗಾಗಿದೆ. ಕೂದಲು ತುಸು ಕೆಂಚಾದರೆ “ಎಣ್ಣೆ ಕಾಣದ ತಲೆ” ಎಂದು ಗೊಣಗಿ ಹರಳೆಣ್ಣೆಯ ಬಟ್ಟಲನ್ನು ತರುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು, ಇಂದು ಅದೇ ಕೆಂಚುಬಣ್ಣವನ್ನು ಪೊಟ್ಟಣದಲ್ಲಿ ಕೊಂಡು ತಂದು ಭಾನುವಾರ ಬೆಳಗಿನ ಬಚ್ಚಲುಮನೆಯನ್ನು ಪ್ರಯೋಗಶಾಲೆಯನ್ನಾಗಿ ಮಾಡುತ್ತಾರೆ. ತಾಯಂದಿರೂ ಹಿಂದೆ ಬಿದ್ದಿಲ್ಲ. ತಂದೆಯರಂತೂ ಅಗುಳಿ ಹಾಕಿಕೊಂಡು ಮಾಡುವುದರಿಂದ ಅವರ ಲೆಕ್ಕ ಸಿಕ್ಕುವುದಿಲ್ಲ.

ಇದು ಕಲಿಯುಗದ ಹುಚ್ಚೆಂದು ಹಿರಿಯರು ಮೂಗು ಮುರಿಯಬೇಕಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಗ್ರಹ ನಕ್ಷತ್ರಗಳ ಗತಿಯನ್ನು ಗುಣಿಸುವುದರ ನಡುವೆ ಬಿಡುವು ಮಾಡಿಕೊಂಡು ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಎಂಬ ಅಧ್ಯಾಯದಲ್ಲಿ ಈ ವಿಷಯವನ್ನೂ ಎತ್ತಿದ್ದಾನೆ. ತಲೆ ನರೆತವನಿಗೆ ಹೂಮಾಲೆಯಾಗಲಿ ಒಡವೆಯಾಗಲಿ ಒಪ್ಪುವುದಿಲ್ಲವೆಂಬುದು ಅವನ ಅಭಿಪ್ರಾಯ. ಅದಕ್ಕೆ ಅವನು ಹೇಳುವ ಮದ್ದು: ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ, ಕಬ್ಬಿಣದ ಪುಡಿಯೊಡನೆ, ಹುಳಿಯಲ್ಲಿ ಬೇಯಿಸಿ ನುಣ್ಣಗೆ ಅರೆದು ತಲೆಗೆ ಮೆತ್ತಿ ಹಸಿ ಎಲೆಗಳನ್ನು ಸುತ್ತಿಕೊಳ್ಳುವುದು, ಎರಡು ಜಾವ ಕಳೆದ ಮೇಲೆ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪವನ್ನಿಟ್ಟು ಮತ್ತೆರಡು ಜಾವ ಕಾಯುವುದು. ಒಟ್ಟು ಹನ್ನೆರಡು ಗಂಟೆ! ಆಮೇಲೆ ಕಬ್ಬಿಣದ ನಾತವನ್ನು ಪರಿಮಳದ ಎಣ್ಣೆಯಿಂದ ಕಳೆದುಕೊಂಡು ಅರಸನು ಅಂತಃಪುರಕ್ಕೆ ಹೋಗಬಹುದಂತೆ. ಪಾಪ, ಅಷ್ಟು ಹೊತ್ತು ತಲೆಗೆ ಎಲೆ ಕಟ್ಟಿಕೊಂಡು ಕುಳಿತ ಅರಸನು ಆ ದಿನದ ಸಭೆಯನ್ನು ಹೇಗೆ ನಡೆಸುತ್ತಿದ್ದನೋ ಬಲ್ಲವರು ಹೇಳಬೇಕು.

ನಗುವ ಮಾತಲ್ಲ, ಈ ವಿಧಾನದಲ್ಲಿ ಯುಕ್ತಿಯುಂಟು. ನೆಲ್ಲಿಕಾಯಿಯಲ್ಲಿರುವ ಒಗರು ಪದಾರ್ಥವು ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ. ಹಿಂದಿನವರು ಬರೆಯುತ್ತಿದ್ದ ಮಸಿಯ ಗುಟ್ಟೂ ಇದೇ. ನಮ್ಮ ಮನೆಗಳಲ್ಲಿ ಗೋರಂಟಿಯ ಪುಡಿಯನ್ನು ಚಹದ ಕಷಾಯದಲ್ಲಿ ಕಲಸಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯೆಲ್ಲ ಇಡುವ ರೂಢಿಯು ವರಾಹಮಿಹಿರನ ಮರಿಮಗುವೇ ಸರಿ. ಬಾಣಲೆಯ ಕಬ್ಬಿಣಕ್ಕೆ ಚಹದ ಒಗರು ಸೇರಿ, ಗೋರಂಟಿಯ ಕಿತ್ತಳೆಗೆಂಪು ಕಂದಿನತ್ತ ಸ್ವಲ್ಪ ವಾಲುತ್ತದೆ.

ಆದರೆ ಅನೇಕರು ಎಡವುವ ಸ್ಥಳ ಬೇರೆ ಇದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವ ನನ್ನ ಮಿತ್ರರೊಬ್ಬರು ಅದನ್ನು ಒಂದೇ ಮಾತಿನಲ್ಲಿ ಬಿಡಿಸಿಟ್ಟರು: “ಕಪ್ಪು ಸೀರೆಯನ್ನು ಅರಿಶಿನದ ನೀರಿಗೆ ಅದ್ದಿದರೆ ಹಳದಿಯಾಗುತ್ತದೆಯೇ ಮೇಷ್ಟ್ರೇ?” ಆಗುವುದಿಲ್ಲ. ಕೂದಲಿಗೆ ಕಪ್ಪನ್ನು ಕೊಡುವುದು ಅದರೊಳಗಿನ ಮೆಲನಿನ್ ಎಂಬ ವರ್ಣದ್ರವ್ಯ. ಅದು ತುಂಬಿರುವಲ್ಲಿ ಗೋರಂಟಿಯನ್ನು ಎಷ್ಟು ಮೆತ್ತಿದರೂ ಬಿಸಿಲಿಗೆ ನಿಂತಾಗ ಒಂದಿಷ್ಟು ಕೆಂಪು ಹೊಳಪು ಕಂಡೀತು, ಅಷ್ಟೆ. ಗಿಡಮೂಲಿಕೆಯ ಕಂದು ಹಿಡಿಯುವುದು ನರೆತ ಕೂದಲಿಗೆ ಮಾತ್ರ. ಎಳೆಯರ ಕಡುಗಪ್ಪು ಕೂದಲು ಕಂದಾಗಬೇಕಾದರೆ ಮೊದಲು ಅದರ ಸ್ವಂತ ಬಣ್ಣವನ್ನು ಹೈಡ್ರೊಜನ್ ಪೆರಾಕ್ಸೈಡ್ ಎಂಬ ದ್ರವದಿಂದ ತೊಳೆದು ತೆಗೆಯಬೇಕು. ಹಾಗೆ ತೆಗೆಯುವಾಗ ನಮ್ಮವರ ಕೂದಲು ನೇರವಾಗಿ ಕಂದಿಗೆ ಬರದೆ ಇಟ್ಟಿಗೆಯ ಕೆಂಪನ್ನು ಹಾದು ಬರುತ್ತದೆ. ಎಷ್ಟೋ ಸಲ ಅಲ್ಲಿಯೇ ನಿಂತುಬಿಡುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಮೂರು ಗಂಟೆ ಕಾಲ ತಲೆಗಳನ್ನು ನೋಡುವುದೇ ಕೆಲಸವಾಗಿರುವ ನಮ್ಮಂಥವರಿಗೆ ಇದರ ಎಲ್ಲ ಹಂತಗಳೂ ಪರಿಚಿತ.

ಇನ್ನು ನರೆತ ಕೂದಲಿನ ಮಾತು. ಗೋರಂಟಿಯ ಎಲೆಯಲ್ಲಿರುವ ಲಾಸೋನ್ ಎಂಬ ರಂಗು ಕೂದಲಿನ ಕೆರಟಿನ್ನಿಗೆ ಅಂಟಿ ಕಿತ್ತಳೆಗೆಂಪನ್ನು ಕೊಡುತ್ತದೆ. ನೀಲಿಗಿಡದ ಎಲೆ ನೀಲಿಯನ್ನು ಕೊಡುತ್ತದೆ. ಎರಡೂ ಒಂದರ ಮೇಲೊಂದು ಕುಳಿತಾಗ ಕಣ್ಣಿಗೆ ಕಾಣುವುದು ಕಂದು. ರಾಜಸ್ಥಾನದ ಸೋಜತ್ ಗೋರಂಟಿಗೂ ತಮಿಳುನಾಡಿನ ತಿಂಡಿವನಂ ನೀಲಿ ಬೆಳೆಗೂ ಹೆಸರಾದ ಊರುಗಳು. ಎರಡು ಪುಡಿಗಳನ್ನೂ ಬೇರೆ ಬೇರೆಯಾಗಿಯೇ ಕೊಳ್ಳುವುದು ಮೇಲು. ಹೆಗಲ ಮಟ್ಟದ ಕೂದಲಿಗೆ ತಲಾ 100 ಗ್ರಾಂ ಸಾಕು. ಗೋರಂಟಿಗೆ ಹುಳಿ ಬೇಕು, ಹೊತ್ತೂ ಬೇಕು: ನಿಂಬೆಯ ರಸ ಹಿಂಡಿದ ಉಗುರುಬೆಚ್ಚನೆಯ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ರಾತ್ರಿಯೆಲ್ಲ ಮುಚ್ಚಿಡಬೇಕು. ನೀಲಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದಕ್ಕೆ ಹುಳಿ ಸೋಕಿಸದೆ ಬರಿಯ ಬೆಚ್ಚನೆಯ ನೀರಿನಲ್ಲಿ ಕಲಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ತಡಮಾಡದೆ ಬಳಸಬೇಕು. ಇಟ್ಟಷ್ಟೂ ಅದರ ಸತ್ತ್ವ ಇಳಿಯುತ್ತದೆ. ಆದ್ದರಿಂದ ರಾತ್ರಿ ನೆನೆದ ಗೋರಂಟಿಗೆ ಬೆಳಗ್ಗೆ ಕಲಸಿದ ನೀಲಿಯನ್ನು ಕೊನೆಗಳಿಗೆಯಲ್ಲಿ ಬೆರೆಸುವುದು ಕ್ರಮ. ಸಮಸಮ ಬೆರೆಸಿದರೆ ನಡುತರದ ಕಂದು. ಗೋರಂಟಿ ಹೆಚ್ಚಾದರೆ ಕೆಂಗಂದು, ನೀಲಿ ಹೆಚ್ಚಾದರೆ ಕರಿಗಂದು. ಬೆರೆಸದೆ ಮೊದಲು ಗೋರಂಟಿ, ತೊಳೆದ ಮೇಲೆ ನೀಲಿ ಎಂದು ಎರಡು ಸಲ ಹಚ್ಚಿದರೆ ಕಪ್ಪಿನ ಸಮೀಪಕ್ಕೆ ಹೋಗುತ್ತದೆ.

ತಲೆಯ ಎಣ್ಣೆಯನ್ನು ಹಿಂದಿನ ದಿನವೇ ಸೀಗೆಪುಡಿಯಿಂದ ತೆಗೆದಿರಬೇಕು. ಲೇಪ ಎರಡು ಮೂರು ಗಂಟೆ ಇರಲಿ. ತೊಳೆದೊಡನೆ ಕನ್ನಡಿ ನೋಡಿ ಯಾರೂ ಅಳಬಾರದು. ಮೊದಲ ದಿನ ಬಣ್ಣದಲ್ಲಿ ಹಸಿರಿನ ಛಾಯೆಯಿರುವುದುಂಟು. ಗಾಳಿಯಾಡಿ ಒಂದೆರಡು ದಿನದಲ್ಲಿ ಅದು ಕಂದಾಗಿ ಮಾಗುತ್ತದೆ. ಅಲ್ಲಿಯವರೆಗೆ ಸೀಗೆ, ಶಾಂಪೂಗಳ ಗೊಡವೆ ಬೇಡ.

ಇಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅಂಥವರಿಗಾಗಿ ಪ್ಯಾರಿಸ್ಸಿನಲ್ಲಿ 1907ರಲ್ಲಿ ಯೂಜೀನ್ ಶುಲೇರ್ ಎಂಬ ತರುಣ ರಸಾಯನವಿಜ್ಞಾನಿ ಕೃತಕ ಕೂದಲ ಬಣ್ಣವೊಂದನ್ನು ಸಿದ್ಧಮಾಡಿದ. ಇಂದು ಜಗತ್ತಿಗೆಲ್ಲ ಪರಿಚಿತವಾದ ಲೋರಿಯಲ್ ಸಂಸ್ಥೆ ಹುಟ್ಟಿದ್ದು ಅದರಿಂದಲೇ. ಇಂದಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಕೊಳವೆಗಳಿರುತ್ತವೆ. ಒಂದರಲ್ಲಿ ಕೂದಲ ಹೊರಪದರವನ್ನು ಸಡಿಲಿಸುವ ಅಮೋನಿಯಾ ಅಥವಾ ಅಂಥದೇ ಪದಾರ್ಥ, ಜೊತೆಗೆ ಬಣ್ಣದ ಮೂಲದ್ರವ್ಯ, ಇನ್ನೊಂದರಲ್ಲಿ ಪೆರಾಕ್ಸೈಡ್. ಎರಡೂ ಕೂಡಿದಾಗ ಬಣ್ಣವು ಕೂದಲಿನ ಒಳಗೇ ಹುಟ್ಟಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕೆಲಸ ಅರ್ಧ ಮುಕ್ಕಾಲು ಗಂಟೆಯದು. ಆ ಮೂಲದ್ರವ್ಯ ಅನೇಕ ಪೆಟ್ಟಿಗೆಗಳಲ್ಲಿ ಪ್ಯಾರಾಫಿನೈಲೀನ್ ಡೈಅಮೀನ್ ಆಗಿರುತ್ತದೆ, ಚಿಕ್ಕದಾಗಿ ಪಿಪಿಡಿ. ನಾನು ಈ ವಾರ ಇಷ್ಟೆಲ್ಲ ಪೀಠಿಕೆ ಹಾಕಿದ್ದು ಈ ಮೂರಕ್ಷರಗಳಿಗಾಗಿಯೇ.

ನಮ್ಮ ಅತ್ತಿಗೆಯವರು ಮಗಳ ಮದುವೆಗೆ ಮೂರು ದಿನ ಮುಂಚೆ, ನೆಂಟರೆದುರಿಗೆ ಬೈತಲೆಯ ಬಿಳುಪು ಕಾಣಬಾರದೆಂದು ‘ಕರಿ ಮೆಹೆಂದಿ’ ಎಂದು ಬರೆದ ಪೊಟ್ಟಣವನ್ನು ತರಿಸಿ ಹಚ್ಚಿಕೊಂಡರು. ಮೇಲೆ ಎಲೆಯ ಚಿತ್ರವಿತ್ತು. ಹಿಂದೆ ಎರಡು ಮೂರು ಸಲ ಹಚ್ಚಿಕೊಂಡಿದ್ದರು, ಏನೂ ಆಗಿರಲಿಲ್ಲ. ಈ ಸಲ ಮಾರನೆಯ ದಿನ ಹಣೆಯ ಅಂಚು ತುರಿಸತೊಡಗಿತು. ಮೂರನೆಯ ದಿನ ರೆಪ್ಪೆಗಳು ಊದಿ ಕಣ್ಣು ತೆರೆಯದಾದುವು. ಮಗಳ ಧಾರೆಯ ಹೊತ್ತಿಗೆ ಅವರು ಆಸ್ಪತ್ರೆಯ ಮಂಚದ ಮೇಲಿದ್ದರು. ಧಾರೆ ಎರೆಯಲು ಅಣ್ಣನ ಪಕ್ಕದಲ್ಲಿ ನಿಂತವರು ನಮ್ಮ ದೊಡ್ಡಮ್ಮ. “ಸೊಪ್ಪಿನ ಪುಡಿ ಅಂತ ಬರೆದಿತ್ತಲ್ಲಪ್ಪಾ” ಎಂದು ಅತ್ತಿಗೆ ಕೇಳಿದ್ದಕ್ಕೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಪೊಟ್ಟಣದ ಬೆನ್ನಿನಲ್ಲಿ, ಸಾಸಿವೆಯಷ್ಟು ಅಕ್ಷರಗಳಲ್ಲಿ, ಪಿಪಿಡಿಯ ಹೆಸರಿತ್ತು.

ಬರಿಯ ಗೋರಂಟಿಯಿಂದ ಕಪ್ಪು ಬರುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಕಪ್ಪೋ ಕಡುಗಂದೋ ಮಾಡಿಕೊಡುತ್ತೇನೆನ್ನುವ ‘ಮೆಹೆಂದಿ’ಯಲ್ಲಿ ಗೋರಂಟಿಯಲ್ಲದ ಇನ್ನೇನೋ ಇದೆಯೆಂದೇ ತಿಳಿಯಬೇಕು. ‘ಅಮೋನಿಯಾ ಇಲ್ಲ’ ಎಂಬ ಬರಹವನ್ನು ನೋಡಿ ನಿಶ್ಚಿಂತರಾಗುವವರೂ ಇದ್ದಾರೆ. ಅಮೋನಿಯಾ ಇಲ್ಲದಿದ್ದರೆ ಪಿಪಿಡಿ ಇಲ್ಲವೆಂದು ಅರ್ಥವಲ್ಲ. ಈ ದ್ರವ್ಯದ ವಿಚಿತ್ರ ಗುಣವೆಂದರೆ, ಹತ್ತು ಸಲ ಸುಮ್ಮನಿದ್ದು ಹನ್ನೊಂದನೆಯ ಸಲ ಮೈಗೆ ಆಗದೆ ಹೋಗಬಹುದು. ಒಮ್ಮೆ ಒಗ್ಗದಾಯಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಒಗ್ಗುವುದಿಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ, ಬಹು ಮಂದಿ ವರ್ಷಗಟ್ಟಲೆ ಹಚ್ಚಿಕೊಂಡು ಸುಖವಾಗಿದ್ದಾರೆ. ಯಾರಿಗೆ ಆಗುತ್ತದೆಂಬುದನ್ನು ತಲೆಯ ಮೇಲೆ ನೋಡುವ ಬದಲು ಮೊಳಕೈಯ ಒಳಮಗ್ಗುಲಲ್ಲೋ ಕಿವಿಯ ಹಿಂದೋ ಒಂದು ಬೊಟ್ಟಿನಷ್ಟು ಹಚ್ಚಿ, 48 ಗಂಟೆ ಕಾದು ನೋಡಬೇಕು. ತುರಿಕೆ, ಕೆಂಪು, ಗುಳ್ಳೆ ಏನೇ ಕಂಡರೂ ಪೊಟ್ಟಣ ಕಸದ ಬುಟ್ಟಿಗೆ. ಬೇರೆ ಹೆಸರಿನ ಪೊಟ್ಟಣವಾದರೆ ಬೇರೆ ಪರೀಕ್ಷೆ. ಹಳೆಯ ಹೆಸರಿನದಾದರೂ ಪ್ರತಿ ಸಲವೂ ಪರೀಕ್ಷೆ.

ಹುಬ್ಬು ರೆಪ್ಪೆಗಳಿಗಂತೂ ಇದು ಸೋಕಲೇಬಾರದು. ಅಮೆರಿಕದಲ್ಲಿ 1933ರ ಸುಮಾರಿಗೆ ‘ಲ್ಯಾಶ್ ಲ್ಯೂರ್’ ಎಂಬ ರೆಪ್ಪೆಯ ಬಣ್ಣದಿಂದ ಹೆಂಗಸರು ಕಣ್ಣು ಕಳೆದುಕೊಂಡದ್ದುಂಟು. ಅದರಲ್ಲಿದ್ದದ್ದೂ ಇದೇ ಜಾತಿಯ ದ್ರವ್ಯ. ಅಲ್ಲಿ 1938ರಲ್ಲಿ ಹೊಸ ಕಾನೂನು ಬರುವವರೆಗೆ ಅದನ್ನು ತಡೆಯುವ ಅಧಿಕಾರವೇ ಸರ್ಕಾರಕ್ಕಿರಲಿಲ್ಲ. ನಮ್ಮ ದೇಶದ ನಿಯಮಗಳೂ ಇಂಥ ಬಣ್ಣದ ಮೇಲೆ ಎಚ್ಚರಿಕೆಯ ಮಾತನ್ನು ಅಚ್ಚುಮಾಡಲೇಬೇಕೆಂದು ವಿಧಿಸಿವೆ. ಅಚ್ಚಾಗಿರುತ್ತದೆ; ಬಚ್ಚಲುಮನೆಯ ಮಂದಬೆಳಕಿನಲ್ಲಿ, ಕನ್ನಡಕ ತೆಗೆದಿಟ್ಟ ಮೇಲೆ, ಅದನ್ನು ಓದುವವರು ಯಾರು? ಆದ್ದರಿಂದ ಅಂಗಡಿಯಲ್ಲಿಯೇ, ಕನ್ನಡಕವಿರುವಾಗಲೇ, ಪೊಟ್ಟಣದ ಬೆನ್ನನ್ನು ಓದುವುದು ಮೇಲು.

ಅತ್ತಿಗೆಯವರು ಈಗ ಗೋರಂಟಿ ನೀಲಿಗಳಿಗೆ ಬಂದಿದ್ದಾರೆ, ಅದೂ ಮೊಳಕೈಯ ಪರೀಕ್ಷೆಯ ನಂತರ. ಕಪ್ಪಿಗಿಂತ ಕಂದು ಅವರಿಗೆ ಅನುಕೂಲವೆನ್ನಿಸಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬೈತಲೆಯಲ್ಲಿ ಬಿಳಿಗೆರೆ ಮೂಡುವುದು ತಪ್ಪದು. ಕಡುಗಪ್ಪಿನ ನಡುವೆ ಅದು ದೂರದಿಂದಲೇ ಕೂಗಿ ಹೇಳುತ್ತದೆ. ಕಂದಿನ ನಡುವೆ ಅಷ್ಟಾಗಿ ತೋರುವುದಿಲ್ಲ. ಮುಂದಿನ ತಿಂಗಳು ಇಡೀ ತಲೆಗೆ ಮೆತ್ತುವ ಅಗತ್ಯವೂ ಇಲ್ಲ, ಹೊಸದಾಗಿ ಬಂದ ಬುಡಕ್ಕಷ್ಟೇ ಸಾಕು. ಒಂದು ಬಟ್ಟಲು ಲೇಪ, ಒಂದು ಹಳೆಯ ಟವಲು, ಮತ್ತು ಆ ಮೂರು ಗಂಟೆ ಕರೆಗಂಟೆ ಬಾರಿಸಿದವರಿಗೆಲ್ಲ ಬಾಗಿಲು ತೆರೆಯಲು ಮನೆಯಲ್ಲೊಬ್ಬರು.