ಉಕ್ತಲೇಖನದಲ್ಲಿ ಬಿಟ್ಟುಹೋದ ಪದಗಳು

ಮೂರನೇ ತರಗತಿಯ ಉಕ್ತಲೇಖನದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳು ಎಲ್ಲರಿಗೂ ಗೊತ್ತು. ಒತ್ತಕ್ಷರ ಬಿಟ್ಟಿರುತ್ತದೆ, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗಿರುತ್ತದೆ. ಅಪರೂಪಕ್ಕೆ ಬೇರೆ ಬಗೆಯ ಒಂದು ಹಾಳೆ ಸಿಗುತ್ತದೆ. ಕಾಗುಣಿತ ಸರಿಯಾಗಿದೆ, ಅಕ್ಷರ ದುಂಡಗಿದೆ, ಆದರೆ ವಾಕ್ಯದ ನಡುವೆ ಮೂರು ಪದಗಳೇ ಇಲ್ಲ. ಒಂದು ಅಕ್ಷರ ಅರ್ಧಕ್ಕೆ ನಿಂತು ಅದರ ಬಾಲ ಗೆರೆಯ ಕೆಳಗೆ ಜಾರಿದೆ. ಅಲ್ಲಿಂದಾಚೆ ಬರವಣಿಗೆ ಮತ್ತೆ ನೆಟ್ಟಗೆ ಸಾಗಿದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ "ಗಮನವಿಟ್ಟು ಕೇಳು" ಎಂದು ಬರೆಯುತ್ತಾರೆ. ಮನೆಯಲ್ಲಿ ಅಮ್ಮ "ಆಗ ಎಲ್ಲಿ ನೋಡ್ತಾ ಕೂತಿದ್ದೆ?" ಎಂದು ಗದರುತ್ತಾಳೆ. ಮಗು ಮಾತಾಡುವುದಿಲ್ಲ. ಆ ಮೂರು ಪದಗಳನ್ನು ಯಾರೋ ಹೇಳಿದ್ದರು ಎಂಬುದೇ ಅದಕ್ಕೆ ಗೊತ್ತಿಲ್ಲ.

ಇಂಥ ಹಾಳೆಯೆಲ್ಲ ಕಾಯಿಲೆಯ ಗುರುತೆಂದು ಹೇಳುತ್ತಿಲ್ಲ. ಆದರೆ ಹೀಗೆ ಪದ ಬಿಟ್ಟುಹೋಗುವುದು ಮತ್ತೆ ಮತ್ತೆ ಕಂಡರೆ, ಬೈಯುವ ಮೊದಲು ಒಂದು ವಾರ ಮಗುವಿನ ಮುಖ ನೋಡಬೇಕು.

ಹೀಗೆ ಪದ ಬಿಟ್ಟುಹೋಗುವುದರ ಹಿಂದೆ ಒಂದು ಬಗೆಯ ಮೂರ್ಛೆ ಇರಬಹುದು. ಅದಕ್ಕೆ ವೈದ್ಯರು ಆಬ್ಸೆನ್ಸ್ ಸೀಜರ್ ಎನ್ನುತ್ತಾರೆ. 19ನೇ ಶತಮಾನದ ಫ್ರೆಂಚ್ ವೈದ್ಯರು ಕೊಟ್ಟ ಹೆಸರು, ಅರ್ಥ ಗೈರುಹಾಜರಿ. ಹಾಜರಿ ಕೂಗಿದಾಗ ಇದ್ದ ಮಗು ಪಾಠದ ನಡುವೆ ಹತ್ತು ಸೆಕೆಂಡು ಗೈರಾಗುತ್ತದೆ, ಮತ್ತೆ ಹಾಜರಾಗುತ್ತದೆ. 1705ರಲ್ಲೇ ಪೂಪಾರ್ ಎಂಬ ಫ್ರೆಂಚ್ ವೈದ್ಯ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿಟ್ಟಿದ್ದಾನೆ. ಕಣ್ಣು ತೆರೆದೇ ಇರುತ್ತಿತ್ತು, ಮೈ ಅಲುಗುತ್ತಿರಲಿಲ್ಲ. ಮಾತು ಎಲ್ಲಿ ಕಡಿದಿತ್ತೋ ಅಲ್ಲಿಂದಲೇ ಆಕೆ ಮುಂದುವರಿಸುತ್ತಿದ್ದಳು, ನಡುವೆ ನಿಲ್ಲಿಸಿದ್ದೇ ಇಲ್ಲವೆಂದು ನಂಬಿದ್ದಳು. ಮುನ್ನೂರು ವರ್ಷಗಳ ಮೇಲೂ ಈ ವರ್ಣನೆಯಲ್ಲಿ ತಿದ್ದಬೇಕಾದ್ದು ಹೆಚ್ಚೇನಿಲ್ಲ.

ನಮ್ಮ ತೊಡಕು 'ಮೂರ್ಛೆ' ಎಂಬ ಮಾತಿನಲ್ಲೇ ಇದೆ. ಆ ಮಾತು ಕೇಳಿದೊಡನೆ ಕಣ್ಣಿಗೆ ಬರುವುದು ನೆಲಕ್ಕೆ ಬಿದ್ದ ಮೈ, ಬಾಯಲ್ಲಿ ನೊರೆ, ಕೈಗೆ ಕಬ್ಬಿಣದ ಬೀಗದಕೈ ತುರುಕುವ ಜನ. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಮೂರ್ಛೆಯೊಂದು ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ನಿಮ್ಹಾನ್ಸ್‌ನ ವೈದ್ಯರು ಅದನ್ನು ಬಹಳ ಕಾಲ ಅಭ್ಯಾಸ ಮಾಡಿದ್ದಾರೆ. ಬಚ್ಚಲಲ್ಲಿ ಆಗುವ ಅದೂ ಮನೆಯವರ ಕಣ್ಣಿಗೆ ಬೀಳುತ್ತದೆ. ಬೀಳದ, ನಡುಗದ, ನೊರೆ ಕಾರದ ಮೂರ್ಛೆಗೆ ಆಡುಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದ್ದು ಸ್ವಭಾವದ ಲೆಕ್ಕಕ್ಕೆ ಹೋಗುತ್ತದೆ: 'ಮಂಕು', 'ಎಲ್ಲೋ ಧ್ಯಾನ', 'ಹಗಲುಗನಸು'.

ಹಗಲುಗನಸಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ಬಹುಮಟ್ಟಿಗೆ ಗುರುತಿಸಬಹುದು. ಕನಸು ಕಾಣುವ ಮಗು ಬೇಸರವಾದಾಗ ಕಾಣುತ್ತದೆ, ನಿಧಾನವಾಗಿ ಜಾರುತ್ತದೆ, ಹೆಗಲು ಮುಟ್ಟಿದರೆ ತಿರುಗಿ ನೋಡುತ್ತದೆ. ಗೈರಾಗುವ ಮಗುವಿಗೆ ಬೇಸರ ಬೇಕಿಲ್ಲ. ಇಷ್ಟದ ಆಟದ ನಡುವೆ, ತುತ್ತು ಬಾಯಿಯ ಹತ್ತಿರ ಬಂದಾಗ, ತಾನೇ ಹೇಳುತ್ತಿದ್ದ ಕಥೆಯ ನಡುವೆ ದೀಪ ಆರಿದಂತೆ ಥಟ್ಟನೆ ನಿಲ್ಲುತ್ತದೆ. ಕರೆದರೆ ಇಲ್ಲ, ಮುಟ್ಟಿದರೆ ಇಲ್ಲ. ಕೆಲವರಲ್ಲಿ ರೆಪ್ಪೆ ಪಟಪಟ ಬಡಿಯುತ್ತದೆ, ತುಟಿ ಚಪ್ಪರಿಸಿದಂತಾಗುತ್ತದೆ, ಬೆರಳು ಅಂಗಿಯ ಗುಂಡಿಯನ್ನು ತಡಕುತ್ತದೆ. ಹತ್ತು ಸೆಕೆಂಡು, ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ. ಅಷ್ಟೇ ಥಟ್ಟನೆ ಮುಗಿಯುತ್ತದೆ. ಆಮೇಲೆ ಮಂಪರೂ ಇಲ್ಲ, ಸುಸ್ತೂ ಇಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಹತ್ತು ವರ್ಷದೊಳಗೆ ಶುರುವಾಗುತ್ತದೆ, ಹೆಣ್ಣುಮಕ್ಕಳಲ್ಲಿ ತುಸು ಹೆಚ್ಚು. ದಿನಕ್ಕೆ ಹತ್ತಾರು ಸಲ, ಕೆಲವರಿಗೆ ನೂರು ಸಲವೂ ಬರಬಹುದು. ನೂರು ಸಲ ಹತ್ತು ಸೆಕೆಂಡು ಎಂದರೆ ದಿನಕ್ಕೆ ಹದಿನಾರು ನಿಮಿಷಕ್ಕೂ ಹೆಚ್ಚು, ಅದೂ ಚೂರುಚೂರಾಗಿ. ಗಣಿತದ ಒಂದು ಲೆಕ್ಕ ಅರ್ಥವಾಗದೇ ಹೋಗಲು ಒಂದೇ ಚೂರು ಸಾಕು.

ದೃಷ್ಟಿ ಅರ್ಧ ನಿಮಿಷ, ಒಂದು ನಿಮಿಷ ಮೀರಿ ನೆಟ್ಟಿದ್ದು, ಎಚ್ಚರವಾದ ಮೇಲೂ ಮಗು ಗಲಿಬಿಲಿಗೊಂಡಿದ್ದರೆ ಅದು ಬೇರೆ ಬಗೆಯ ಮೂರ್ಛೆ ಇರಬಹುದು. ಅದರ ಔಷಧವೂ ಬೇರೆ. ಆದ್ದರಿಂದ ಗಡಿಯಾರ ನೋಡಿ ಸೆಕೆಂಡು ಎಣಿಸುವುದು ಚಿಕ್ಕ ಕೆಲಸವಲ್ಲ. ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕರೆ, ಡಾಕ್ಟರಿಗೆ ನಮ್ಮ ಹತ್ತು ನಿಮಿಷದ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ.

ಮಿದುಳಿನ ಆಳದಲ್ಲಿರುವ ಥಲಾಮಸ್‌ಗೂ ಮೇಲಿನ ಪದರಕ್ಕೂ ಸದಾ ಸಂದೇಶಗಳ ಕೊಡುಕೊಳ್ಳುವಿಕೆ ಇದೆ. ಈ ಕಾಯಿಲೆಯಲ್ಲಿ ಆ ಸುತ್ತು ಇದ್ದಕ್ಕಿದ್ದಂತೆ ಒಂದೇ ತಾಳಕ್ಕೆ ಕಟ್ಟುಬಿದ್ದು, ಉಳಿದ ಮಾತುಕತೆ ನಿಂತುಹೋಗುತ್ತದೆ. ಆ ತಾಳ ಸೆಕೆಂಡಿಗೆ ಮೂರು. 1935ರಲ್ಲಿ ಬೋಸ್ಟನ್ನಿನ ಸಂಶೋಧಕರಾದ ಗಿಬ್ಸ್, ಡೇವಿಸ್, ಲೆನಾಕ್ಸ್ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಯಂತ್ರದಲ್ಲಿ ಈ ಮೊನೆ-ಅಲೆ, ಮೊನೆ-ಅಲೆಯ ಸಾಲನ್ನು ಗುರುತಿಸಿ ಪ್ರಕಟಿಸಿದರು. ಅದುವರೆಗೆ ಸ್ವಭಾವ ಅನ್ನಿಸಿಕೊಂಡಿದ್ದು ಕಾಗದದ ಮೇಲೆ ಗೆರೆಯಾಗಿ ಮೂಡಿತು. ಎಷ್ಟೋ ಮಕ್ಕಳು ಅಂದು ಬೈಗುಳದಿಂದ ಪಾರಾಗಿರಬೇಕು ಎಂದು ನಾನು ನೆನೆಯುತ್ತೇನೆ.

ಡಾಕ್ಟರು ಮಾಡುವ ಪರೀಕ್ಷೆ ಮಗುವಿಗೆ ಆಟದಂತೆಯೇ ಕಾಣುತ್ತದೆ. ಕಾಗದದ ಗಿರಿಗಿಟ್ಲೆ ಕೊಟ್ಟು, ಮೂರು ನಿಮಿಷ ಬಿಡದೆ ಊದು ಎನ್ನುತ್ತಾರೆ. ಜೋರಾಗಿ ಉಸಿರಾಡಿದಾಗ, ಔಷಧ ಇನ್ನೂ ಶುರುವಾಗದ ಬಹುಪಾಲು ಮಕ್ಕಳಲ್ಲಿ ಗೈರು ಎದುರಿಗೇ ಬರುತ್ತದೆ. ಗಿರಿಗಿಟ್ಲೆ ನಿಲ್ಲುತ್ತದೆ. ಆಗ ಡಾಕ್ಟರು ಒಂದು ಪದ ಹೇಳಿ, ಆಮೇಲೆ ನಾನೇನು ಹೇಳಿದೆ ಎಂದು ಕೇಳುತ್ತಾರೆ. ಉಕ್ತಲೇಖನದ ಕಥೆಯೇ ಅದು. ಆದರೆ ಇದನ್ನು ಮನೆಯಲ್ಲಿ ಮಾಡಿ ನೋಡಬಾರದು.

ಔಷಧಗಳಿವೆ, ಒಳ್ಳೆಯವೇ ಇವೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 453 ಮಕ್ಕಳಲ್ಲಿ ಮೂರು ಔಷಧಗಳನ್ನು ಹೋಲಿಸಿತು. ಎಥೊಸಕ್ಸಿಮೈಡ್ ಮತ್ತು ವ್ಯಾಲ್‌ಪ್ರೊಯೇಟ್ ಹೆಚ್ಚು ಕಮ್ಮಿ ಸಮನಾಗಿ ಕೆಲಸ ಮಾಡಿದವು, ಲ್ಯಾಮೊಟ್ರಿಜಿನ್ ಹಿಂದೆ ಬಿತ್ತು. ಮಗುವಿನ ಏಕಾಗ್ರತೆಗೆ ಕಡಿಮೆ ತೊಂದರೆ ಮಾಡಿದ್ದು ಎಥೊಸಕ್ಸಿಮೈಡ್. ಬೇರೆ ಮೂರ್ಛೆಗಳಿಗೆ ಕೊಡುವ ಕಾರ್ಬಮಜೆಪೈನ್ ಇದನ್ನು ಹೆಚ್ಚಿಸಬಹುದು. ದೊಡ್ಡಪ್ಪನ ಮಾತ್ರೆಯ ಚೀಟಿ ಮಗುವಿಗೆ ಆಗದು ಎಂದು ಒತ್ತಿ ಹೇಳುವುದು ಇದಕ್ಕೇ. ಹಲವು ಮಕ್ಕಳಲ್ಲಿ ಹರೆಯದ ಹೊತ್ತಿಗೆ ಇದು ನಿಲ್ಲುತ್ತದೆ, ಎಲ್ಲರಲ್ಲೂ ಅಲ್ಲ. ಹತೋಟಿಗೆ ಬರುವವರೆಗೆ ಕೆರೆ, ಬಾವಿ, ಸೈಕಲ್ಲು, ಒಲೆಯ ಹತ್ತಿರ ಮಗುವನ್ನು ಒಂಟಿ ಬಿಡಬಾರದು.

"ಹೆಣ್ಣುಹುಡುಗಿ, ನಾಳೆ ಮದುವೆ ಆಗಬೇಕು, ಫಿಟ್ಸ್ ಅಂತ ಹೆಸರು ಬಂದರೆ?" ಈ ಭಯ ಎಷ್ಟೋ ತಾಯಂದಿರನ್ನು ಆಸ್ಪತ್ರೆಯ ಮೆಟ್ಟಿಲಿನಿಂದ ಹಿಂದಕ್ಕೆ ಕಳಿಸಿದೆ. ಅಪಸ್ಮಾರವಿದ್ದವರ ಮದುವೆಗೆ ಅಡ್ಡಬರುತ್ತಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟುಕೊಟ್ಟ ಹಟವನ್ನು ನಾವು ಓಣಿಯಲ್ಲಿ ಇನ್ನೂ ಹಿಡಿದುಕೊಂಡಿದ್ದೇವೆ, ಅದರ ಬೆಲೆಯನ್ನು ಏಳು ವರ್ಷದ ಮಗು ತೆರುತ್ತಿದೆ.

ತರಗತಿಯ ಟೀಚರ್‌ಗೆ ಹೇಳಿ. ಅಮ್ಮನಿಗಿಂತ ಹೆಚ್ಚು ಹೊತ್ತು ಮಗುವಿನ ಕಣ್ಣನ್ನು ಎದುರಿನಿಂದ ನೋಡುವವರು ಅವರು. ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ ಎಂದು ಗುರುತು ಹಾಕಿಕೊಡಲು ಕೇಳಿ. ಡಾಕ್ಟರ ಬಳಿ ಹೊರಟಾಗ ಆ ಉಕ್ತಲೇಖನದ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಳ್ಳಿ.