ಡೆಂಗಿ ಸೊಳ್ಳೆ ಮೊಣಕಾಲಿಗಿಂತ ಮೇಲೆ ಹಾರುವುದಿಲ್ಲವೇ? ಲಾರ್ವಾ ಸಮೀಕ್ಷೆ ಹೇಳುವುದೇನು?

"ಡೆಂಗಿ ಸೊಳ್ಳೆ ಮೊಣಕಾಲಿಗಿಂತ ಮೇಲೆ ಹಾರುವುದಿಲ್ಲ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸಾಕು." ಮಳೆಗಾಲ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಈ ಸಂದೇಶ ಮತ್ತೆ ಓಡಾಡುತ್ತದೆ. ಇದು ಸುಳ್ಳು. ಈ ಸೊಳ್ಳೆ ಮೇಲಿನ ಮಹಡಿಯ ಮನೆಗಳಲ್ಲೂ ಇರುತ್ತದೆ. ಕೈಗೂ ಕಚ್ಚುತ್ತದೆ, ಕುತ್ತಿಗೆಗೂ ಕಚ್ಚುತ್ತದೆ. ಹಾಗಾದರೆ ನಾವು ಮಾಡಬೇಕಾದ್ದೇನು? ಸೊಳ್ಳೆ ಸಮೀಕ್ಷೆಗೆ ಬರುವವರು ಮನೆಮನೆಯಲ್ಲಿ ಏನು ಹುಡುಕುತ್ತಾರೆ ಎಂದು ನೋಡಿದರೆ ಉತ್ತರ ಸಿಗುತ್ತದೆ.

ಹುಡುಕುವುದು ನಿಂತ ನೀರನ್ನು

ಆಶಾ ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ, ಕೆಲವೆಡೆ ತರಬೇತಿಗೆ ಬಂದ ವಿದ್ಯಾರ್ಥಿಗಳು ಈ ಕೆಲಸ ಮಾಡುತ್ತಾರೆ. ಕೈಯಲ್ಲಿ ಟಾರ್ಚ್, ನೀರು ಮೊಗೆಯಲು ಸೌಟು, ಬರೆದುಕೊಳ್ಳಲು ಪುಸ್ತಕ. ಅವರು ನೋಡುವುದು ಸಂಪು, ಡ್ರಮ್, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಏರ್ ಕೂಲರ್, ಹಳೆಯ ಟೈರ್, ತೆಂಗಿನ ಚಿಪ್ಪು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ಮನೆಯ ಒಳಗೆ, ಸುತ್ತಮುತ್ತ ನಿಂತಿರುವ ಇಂಥ ನೀರಿನಲ್ಲಿ. ಕೊಳಕು ಚರಂಡಿಯಲ್ಲಿ ಹೆಚ್ಚಾಗಿ ಬೆಳೆಯುವುದು ಕ್ಯೂಲೆಕ್ಸ್ ಎಂಬ ಬೇರೆ ಸೊಳ್ಳೆ.

ಲೆಕ್ಕ ಹೇಗೆ?

ಉದಾಹರಣೆಗೆ, 100 ಮನೆ ನೋಡಿದಾಗ 8 ಮನೆಗಳಲ್ಲಿ ಲಾರ್ವಾ ಸಿಕ್ಕಿತು ಎಂದುಕೊಳ್ಳೋಣ. ಆಗ 'ಮನೆ ಸೂಚ್ಯಂಕ' 8. ಆ 8 ಮನೆಗಳ ಒಟ್ಟು 12 ಪಾತ್ರೆಗಳಲ್ಲಿ ಲಾರ್ವಾ ಇದ್ದರೆ 'ಬ್ರೆಟೋ ಸೂಚ್ಯಂಕ' 12. ವಾರದ ಕೊನೆಗೆ ಯಾವ ಬೀದಿಗೆ ಮೊದಲು ಗಮನ ಕೊಡಬೇಕೆಂದು ಈ ಅಂಕಿಗಳು ತೋರಿಸುತ್ತವೆ. ಜ್ವರದ ಪ್ರಕರಣಗಳು ಏರುವ ಮೊದಲೇ ಸಿಗುವ ಎಚ್ಚರಿಕೆ ಇದು. ಬೀಗ ಹಾಕಿದ ಮನೆ, ಬಾಗಿಲು ತೆರೆಯದ ಮನೆ ಈ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಹುಟ್ಟಿದ ಸೊಳ್ಳೆ ಮಾತ್ರ ಪಕ್ಕದ ಮನೆಯ ಮಗುವಿಗೂ ಕಚ್ಚಬಹುದು.

ಫಾಗಿಂಗ್ ಸಾಲದೇ?

ಸಾಲದು. ಹೊಗೆ ಕೊಲ್ಲುವುದು ಹಾರಾಡುವ ಸೊಳ್ಳೆಯನ್ನು. ನೀರಿನೊಳಗಿನ ಲಾರ್ವಾ ಹಾಗೇ ಉಳಿದು ಕೆಲವೇ ದಿನಗಳಲ್ಲಿ ಸೊಳ್ಳೆಯಾಗುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಎನ್ನುವುದು ಇದೇ ಕಾರಣಕ್ಕೆ. ಆದರೆ ಬರೀ ಚೆಲ್ಲಿದರೆ ಸಾಲದು. ಮೊಟ್ಟೆಗಳು ನೀರಿನ ಮಟ್ಟದ ಮೇಲೆ, ಪಾತ್ರೆಯ ಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಒಳಗೋಡೆಯನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು.

ನೀರೇ ಬಾರದ ಮನೆಗಳು

ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಬಡಾವಣೆಯಲ್ಲಿ "ಡ್ರಮ್ ಖಾಲಿ ಮಾಡಿ" ಎನ್ನುವುದು ಸುಲಭ, ಮಾಡುವುದು ಕಷ್ಟ. ಅಂಥವರು ಮುಚ್ಚಳ ಬಿಗಿಯಾಗಿ ಹಾಕಬಹುದು, ಇಲ್ಲವೇ ಬಾಯಿಗೆ ದಟ್ಟ ಬಟ್ಟೆ ಕಟ್ಟಬಹುದು. ಹೊಸ ನೀರು ತುಂಬುವ ಮುನ್ನ ಒಮ್ಮೆ ಉಜ್ಜಬಹುದು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನೂ ಗೊತ್ತುಮಾಡಿತು. ದಂಡದ ಹೆದರಿಕೆಗೆ ಜನ ಬಾಗಿಲು ಮುಚ್ಚಿಕೊಂಡರೆ ಸಮೀಕ್ಷೆಯ ಉದ್ದೇಶವೇ ಹಾಳಾಗುತ್ತದೆ. ನೀರು ಸರಿಯಾಗಿ ಬರುವಂತೆ ನೋಡಿಕೊಳ್ಳುವುದೂ ಡೆಂಗಿ ತಡೆಯ ಭಾಗವೇ ಎಂದು ನಾವು ಭಾವಿಸುತ್ತೇವೆ.

ನೀವು ಮಾಡಬೇಕಾದ್ದು

ಸಮೀಕ್ಷೆಗೆ ಬಂದವರ ಗುರುತಿನ ಚೀಟಿ ನೋಡಿ, ಒಳಗೆ ಬಿಡಿ. ಈ ಸೊಳ್ಳೆ ಹಗಲಲ್ಲೇ ಹೆಚ್ಚು ಕಚ್ಚುವುದರಿಂದ ಹಗಲು ಮಲಗುವ ಮಕ್ಕಳಿಗೂ ಪರದೆ ಕಟ್ಟಿ. ಜ್ವರ ಬಂದರೆ ವೈದ್ಯರನ್ನು ಕಾಣಿ. ಆಸ್ಪಿರಿನ್, ಐಬುಪ್ರೊಫೇನ್ ನೀವಾಗಿಯೇ ನುಂಗಬೇಡಿ, ಡೆಂಗಿಯಲ್ಲಿ ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಕೊಬ್ಬರಿ ಎಣ್ಣೆಯ ಸಂದೇಶ ಮತ್ತೆ ಬಂದರೆ ಅದನ್ನು ಮುಂದೆ ಕಳಿಸುವ ಬದಲು ಹೀಗೆ ಬರೆದು ಕಳಿಸಿ: "ಇವತ್ತು ನಿಮ್ಮ ಮನೆಯ ಡ್ರಮ್ ಉಜ್ಜಿದಿರಾ?"