ಸೈಕಲ್ ಸವಾರನ ಮೇಲೆ ಹೊರಿಸಿದ ಅಪರಾಧ

"ಸೈಕಲ್ ತುಳಿಯುವುದು ಅಪಾಯ" ಎಂಬ ಮಾತು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಈಗ ಯಾರೂ ಪ್ರಶ್ನಿಸದ ಸತ್ಯದಂತೆ ಚಲಾವಣೆಯಲ್ಲಿದೆ. ತಂದೆತಾಯಿಗಳು ಇದನ್ನು ಭಯದಿಂದ ಹೇಳುತ್ತಾರೆ, ಅಧಿಕಾರಿಗಳು ಅನುಕೂಲಕ್ಕಾಗಿ ಹೇಳುತ್ತಾರೆ. ಭಯದಿಂದ ಬಂದ ಮಾತಿಗೆ ಸಹಾನುಭೂತಿ ಸಲ್ಲಬೇಕು. ಅನುಕೂಲಕ್ಕಾಗಿ ಬಂದ ಮಾತನ್ನು ಮಾತ್ರ ತಕ್ಕಡಿಗೆ ಹಾಕಿ ತೂಗಲೇಬೇಕು. ಕೆರೆಯ ನೀರು ಕೆಟ್ಟಾಗ ಆ ನೀರು ಕುಡಿದು ಕಾಯಿಲೆ ಬಿದ್ದವನನ್ನು ಯಾರೂ ಅಪರಾಧಿ ಎನ್ನುವುದಿಲ್ಲ. ರಸ್ತೆ ಕೆಟ್ಟಾಗ ಮಾತ್ರ ಅದರ ಮೇಲೆ ಸಾಗಿದ ಸೈಕಲ್ ಸವಾರನೇ ಅಪರಾಧಿಯಾಗುವುದು ಯಾವ ನ್ಯಾಯ?

ಮೊದಲು ಅಂಕಿ ಅಂಶಗಳನ್ನು ನೋಡೋಣ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕರ್ನಾಟಕದ ಪಾಲು 11,702. ಸತ್ತವರಲ್ಲಿ ಶೇ. 44ಕ್ಕಿಂತ ಹೆಚ್ಚು ಮಂದಿ ಮೋಟಾರು ದ್ವಿಚಕ್ರ ವಾಹನಗಳಲ್ಲಿದ್ದವರು, ಶೇ. 19ಕ್ಕಿಂತ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು, ಸುಮಾರು ಶೇ. 3ರಷ್ಟು ಮಂದಿ ಸೈಕಲ್ ಸವಾರರು. ಒಟ್ಟು ಸಾವುಗಳಲ್ಲಿ ಮೂರರಲ್ಲಿ ಎರಡು ಪಾಲು ಸಂಭವಿಸಿದ್ದು ಗ್ರಾಮೀಣ ಪ್ರದೇಶಗಳಲ್ಲಿ. ರಸ್ತೆಯ ಸಾವು ಬೆಂಗಳೂರಿನ ಸಮಸ್ಯೆ ಎಂದು ಹಳ್ಳಿಯವರು ನಿರಾಳವಾಗಿ ಕೂರುವಂತಿಲ್ಲ.

ಇದಕ್ಕೊಂದು ಆಕ್ಷೇಪವಿದೆ, ಅದು ಹುರುಳಿಲ್ಲದ್ದಲ್ಲ. ಸೈಕಲ್ ತುಳಿಯುವವರೇ ಕಡಿಮೆಯಾದ್ದರಿಂದ ಸತ್ತವರ ಪಾಲೂ ಕಡಿಮೆ ಎಂಬುದು ಆ ಆಕ್ಷೇಪ. ಬಿತ್ತಿದ ಎಕರೆ ಎಷ್ಟೆಂದು ಹೇಳದೆ ಇಳುವರಿಯ ಲೆಕ್ಕ ಕೊಟ್ಟರೆ ರೈತ ಒಪ್ಪುವುದಿಲ್ಲ. ಹಾಗೆಯೇ ತುಳಿದ ದೂರ ಹೇಳದೆ ಸಾವಿನ ಪಾಲನ್ನಷ್ಟೇ ಹೇಳಿದರೆ ಅಪಾಯ ಅಳೆದಂತಾಗುವುದಿಲ್ಲ. 2011ರ ಜನಗಣತಿಯಲ್ಲಿ ಕೃಷಿಯೇತರ ದುಡಿಮೆಗೆ ಹೋಗುವ ನೂರು ಜನರಲ್ಲಿ ಸುಮಾರು 13 ಮಂದಿ ಸೈಕಲ್ಲಿನಲ್ಲಿಯೂ, ಹೆಚ್ಚುಕಡಿಮೆ ಅಷ್ಟೇ ಮಂದಿ ಮೋಟಾರು ದ್ವಿಚಕ್ರಗಳಲ್ಲಿಯೂ ಸಾಗುತ್ತಿದ್ದರು. ಆ ಬಳಿಕ ಮೋಟಾರ್ ಬೈಕುಗಳು ವಿಪರೀತ ಹೆಚ್ಚಿವೆ. ಅವು ಕ್ರಮಿಸುವ ದೂರವೂ ಹೆಚ್ಚು. ಆದ್ದರಿಂದ ಇಂದಿನ ರಸ್ತೆಯಲ್ಲಿ ಸೈಕಲ್ ಸಂಪೂರ್ಣ ಸುರಕ್ಷಿತ ಎಂದು ವಾದಿಸುವುದು ಪ್ರಾಮಾಣಿಕತೆಯಲ್ಲ. ಆದರೆ ಸೈಕಲ್ ಕಸಿದುಕೊಂಡು ಹದಿನಾರರ ಹುಡುಗನ ಕೈಗೆ ಬೈಕಿನ ಕೀಲಿ ಕೊಟ್ಟರೆ ಅವನು ಸುರಕ್ಷಿತನಾದನೆಂದು ನಂಬುವುದು ಅದಕ್ಕಿಂತ ದೊಡ್ಡ ಆತ್ಮವಂಚನೆ. 2019ರ ತಿದ್ದುಪಡಿಯ ಅನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ಪೋಷಕರಿಗೆ 25,000 ರೂಪಾಯಿ ದಂಡ ಹಾಗೂ ಮೂರು ವರ್ಷಗಳವರೆಗೆ ಸೆರೆವಾಸ ತರಬಲ್ಲ ಅಪರಾಧವೂ ಹೌದು.

ಅಂಕಿ ಅಂಶಗಳ ಪಟ್ಟಿ ಕೇಳದ ಪ್ರಶ್ನೆಯೊಂದಿದೆ: ಯಾವ ವಾಹನದಿಂದ ಎಷ್ಟು ಜನ *ಇತರರು* ಸತ್ತರು? ಸೈಕಲ್ ಬಡಿದು ಸತ್ತವರನ್ನು ಹುಡುಕಿದರೂ ಸಿಗುವುದು ಅಪರೂಪ. ಅಪಾಯಕ್ಕೆ ಗುರಿಯಾಗುವವನು ಬೇರೆ, ಅಪಾಯ ಹುಟ್ಟಿಸುವವನು ಬೇರೆ. ಈ ಭೇದವನ್ನು ಅಳಿಸಿದ ಕೂಡಲೇ ಪೆಟ್ಟು ತಿಂದವನಿಗೆ ಬುದ್ಧಿವಾದ, ಪೆಟ್ಟು ಕೊಟ್ಟವನಿಗೆ ಅಗಲವಾದ ರಸ್ತೆ ಎಂಬ ವಿಚಿತ್ರ ನೀತಿ ಹುಟ್ಟುತ್ತದೆ.

ಕೊಲ್ಲುವುದು ವೇಗ

ಇದರ ಹಿಂದಿರುವುದು ಪ್ರೌಢಶಾಲೆಯ ಭೌತಶಾಸ್ತ್ರ. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಚಾಲಕನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಒಣ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ, 60 ಕಿ.ಮೀ. ವೇಗದ್ದು ನಿಲ್ಲಲು ಸುಮಾರು 36 ಮೀಟರ್ ಬೇಕು. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇ. 4ರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಿದ್ದೂ 2018ರ ಕೇಂದ್ರ ಅಧಿಸೂಚನೆ ಹೆದ್ದಾರಿಯೂ ಅಲ್ಲದ, ಪಟ್ಟಣದ ಬೀದಿಯೂ ಅಲ್ಲದ ಇತರ ರಸ್ತೆಗಳಲ್ಲಿ ಕಾರಿಗೆ 70 ಕಿ.ಮೀ. ವೇಗದ ಮಿತಿ ನೀಡಿದೆ. ಶಾಲೆಯ ಮುಂದೆ, ಸಂತೆಯ ಮುಂದೆ, ತಾಂಡಾದ ಮುಂದೆ ಹಾದುಹೋಗುವ ರಸ್ತೆಗಳೂ ಈ "ಇತರ" ಎಂಬ ಪದದೊಳಗೇ ಇವೆ.

ಹೆಲ್ಮೆಟ್ ಹಾಕಿಕೊಳ್ಳಲಿ ಎಂಬ ಸಲಹೆ ತಪ್ಪಲ್ಲ. ಆದರೆ ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ತಲೆ ನೆಲಕ್ಕೆ ಬಡಿಯುವ ಪೆಟ್ಟಿಗೆ. ಹಿಂದಿನಿಂದ ಬಂದು ಗುದ್ದುವ ಜಲ್ಲಿ ಲಾರಿಗೆ ಅದು ಉತ್ತರವಲ್ಲ.

ಈ ಸೀಮೆಯ ರಸ್ತೆಯ ಬದುಕನ್ನು ಬಲ್ಲವರಿಗೆ ಅಪಾಯದ ಮೂಲಗಳು ಕಣ್ಣೆದುರಿಗೇ ಇವೆ. ಚನ್ನಗಿರಿ ಕಡೆಯ ಅಡಿಕೆ, ಹೊನ್ನಾಳಿ ಮತ್ತು ನ್ಯಾಮತಿಯ ಭತ್ತ, ಜಗಳೂರಿನ ಮೆಕ್ಕೆಜೋಳ ಮಾರುಕಟ್ಟೆ ಸೇರುವುದು ಟ್ರ್ಯಾಕ್ಟರ್ ಟ್ರೈಲರುಗಳಲ್ಲಿ. ಅವುಗಳಲ್ಲಿ ಎಷ್ಟಕ್ಕೆ ಹಿಂದಿನ ದೀಪವಿದೆ? ಕೊಯ್ಲಿನ ಕಾಲದಲ್ಲಿ ಕಣವಿಲ್ಲದ ರೈತ ಡಾಂಬರಿನ ಮೇಲೆಯೇ ಕಾಳು ಹರಡಿ ಅಂಚಿಗೆ ಕಲ್ಲು ಜೋಡಿಸುತ್ತಾನೆ. ಸೈಕಲ್ ಸವಾರ ರಸ್ತೆಯ ನಡುವಿಗೆ ಬರಲೇಬೇಕಾಗುತ್ತದೆ. ದೋಷ ರೈತನದೊಂದೇ ಅಲ್ಲ. ಪ್ರತಿ ಗ್ರಾಮಕ್ಕೊಂದು ಒಕ್ಕಣೆ ಕಣ ಕಟ್ಟಿಕೊಡದ ವ್ಯವಸ್ಥೆಯದೂ ಹೌದು. ಡಾಂಬರು ಪದರದ ಮೇಲೆ ಪದರ ಬಿದ್ದು ಅಂಚು ಗೇಣುದ್ದ ಎತ್ತರವಾಗಿದ್ದರೆ ಲಾರಿಗೆ ದಾರಿ ಬಿಟ್ಟು ಕೆಳಗಿಳಿಯುವ ಸವಾರ ಮಗುಚಿ ಬೀಳುತ್ತಾನೆ. ಪ್ರತಿ ಫೆಬ್ರವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಮಾಲಾಧಾರಿಗಳು ನಡೆದು ಬರುವುದೂ ಇದೇ ಅಂಚಿಲ್ಲದ ರಸ್ತೆಗಳಲ್ಲಿ.

ಇದಕ್ಕೆ ಸರ್ಕಾರಿ ಪರಿಹಾರವೊಂದೇ: ಅಗಲೀಕರಣ. ಸಾಲುಮರಗಳು ಉರುಳುತ್ತವೆ, ನೆರಳು ಹೋಗುತ್ತದೆ, ರಸ್ತೆ ನೇರವಾಗುತ್ತದೆ, ವೇಗ ಏರುತ್ತದೆ. ಅಗಲೀಕರಣವಾದ ಮೇಲೆ ಸೈಕಲ್ ಸವಾರನಿಗೆ ಉಳಿಯುವುದು ಹೆಚ್ಚು ಬಿಸಿಲು ಮತ್ತು ಹೆಚ್ಚು ಅಪಾಯ. ಹುಣಸೆ, ಆಲ, ಬೇವುಗಳನ್ನು ಕಳೆದುಕೊಂಡ ಊರಿಗೆ ಸುರಕ್ಷತೆಯೂ ದಕ್ಕದಿದ್ದರೆ ಈ ವ್ಯಾಪಾರದಲ್ಲಿ ಲಾಭ ಯಾರದು?

ಸೈಕಲ್ ಬಿಟ್ಟರೆ ಆಗುವ ನಷ್ಟ

ಅಪಾಯದ ಲೆಕ್ಕ ಹಾಕುವವರು ಸೈಕಲ್ ಬಿಟ್ಟಾಗ ಆಗುವ ಹಾನಿಯ ಲೆಕ್ಕವನ್ನೂ ಹಾಕಬೇಕು. ಬ್ರಿಟನ್ನಿನ ಮೇಯರ್ ಹಿಲ್ಮನ್ 1992ರಲ್ಲಿ ಸೈಕಲ್ಲಿನಿಂದ ಗಳಿಸುವ ಆಯುಷ್ಯವು ಅಪಘಾತಗಳಲ್ಲಿ ಕಳೆದುಕೊಳ್ಳುವ ಆಯುಷ್ಯದ ಇಪ್ಪತ್ತು ಪಟ್ಟು ಎಂದು ಅಂದಾಜು ಮಾಡಿದರು. ಅದು ಬ್ರಿಟನ್ನಿನ ರಸ್ತೆಗಳ ಲೆಕ್ಕ. ಹೊನ್ನಾಳಿಯ ರಸ್ತೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಮಧುಮೇಹ ಮತ್ತು ರಕ್ತದೊತ್ತಡ ಹಳ್ಳಿಗಳಿಗೂ ಕಾಲಿಟ್ಟಿರುವಾಗ ತಕ್ಕಡಿಯ ಆ ತಟ್ಟೆಯನ್ನು ಖಾಲಿ ಎಂದು ಬಗೆಯುವಂತಿಲ್ಲ.

ಇನ್ನೊಂದು ನಷ್ಟ ಶಿಕ್ಷಣದ್ದು. ಬಿಹಾರದಲ್ಲಿ 2006ರಲ್ಲಿ ಆರಂಭವಾದ ಸೈಕಲ್ ಯೋಜನೆಯಿಂದ ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಸುಮಾರು ಶೇ. 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನ ತೋರಿಸಿತು. ಕರ್ನಾಟಕದಲ್ಲಿಯೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂದಿತು. ಕೊರೋನಾ ಕಾಲದಲ್ಲಿ, 2020ರಲ್ಲಿ, ಅದು ನಿಂತುಹೋಯಿತು. ಸೈಕಲ್ ಕೊಟ್ಟ ಸರ್ಕಾರ ಅದನ್ನು ತುಳಿಯಲು ಒಂದು ಮೀಟರ್ ಅಂಚನ್ನು ಕೊಡಲಿಲ್ಲ. ದಿನಕ್ಕೆರಡು ಬಸ್ ಬರುವ ಊರಿನಲ್ಲಿ "ಸೈಕಲ್ ಅಪಾಯ" ಎಂಬ ಮಾತಿನ ನಿಜವಾದ ಅರ್ಥ "ಮಗಳು ಮನೆಯಲ್ಲಿರಲಿ" ಎಂಬುದೇ.

ಸೈಕಲ್ ಸವಾರರು ಕಡಿಮೆಯಾದಷ್ಟೂ ಉಳಿದವರ ಅಪಾಯ ಹೆಚ್ಚುತ್ತದೆ ಎಂಬುದನ್ನೂ ಮರೆಯಬಾರದು. ಪೀಟರ್ ಜೇಕಬ್ಸನ್ 2003ರಲ್ಲಿ ಹಲವು ದೇಶ ಹಾಗೂ ನಗರಗಳ ಮಾಹಿತಿ ಪರಿಶೀಲಿಸಿ, ನಡೆಯುವವರು ಮತ್ತು ಸೈಕಲ್ ತುಳಿಯುವವರು ಇಮ್ಮಡಿಯಾದರೆ ಒಬ್ಬೊಬ್ಬರ ಅಪಾಯ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆಂದು ಕಂಡುಕೊಂಡರು. ಭಯ ಬಿತ್ತಿ ಸವಾರರನ್ನು ಕಡಿಮೆ ಮಾಡುವ ಪ್ರಚಾರ ಉಳಿದ ಬಡ ಸವಾರನನ್ನು ಇನ್ನಷ್ಟು ಒಂಟಿಯಾಗಿಸುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡವನಿಗೂ ಕೂಲಿಗೆ ಹೊರಟವನಿಗೂ ಸೈಕಲ್ ಬಿಡುವ ಆಯ್ಕೆಯೇ ಇಲ್ಲ.

ನೆದರ್ಲೆಂಡ್ಸ್ ಹುಟ್ಟಿನಿಂದಲೇ ಸೈಕಲ್ಲಿನ ಸ್ವರ್ಗವಾಗಿರಲಿಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಬೀದಿಗಿಳಿದರು. ಮಕ್ಕಳಿಂದ ಸೈಕಲ್ ಕಸಿದುಕೊಳ್ಳಲಿಲ್ಲ. ರಸ್ತೆಯನ್ನೇ ಬದಲಿಸಲು ಸರ್ಕಾರವನ್ನು ಒತ್ತಾಯಿಸಿದರು.

ಈ ನಾಲ್ಕು ತಾಲ್ಲೂಕುಗಳ ಗ್ರಾಮಸಭೆಗಳು ಕೇಳಬೇಕಾದದ್ದು ಹೆಚ್ಚೇನಲ್ಲ. ಊರು, ಶಾಲೆ ಮತ್ತು ಸಂತೆಗಳನ್ನು ಹಾಯುವ ರಸ್ತೆಯಲ್ಲಿ 30 ಕಿ.ಮೀ. ವೇಗದ ಮಿತಿ ಬೇಕು. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಡಿ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೂ ಅದನ್ನು ವಿಧಿಸುವ ಅಧಿಕಾರವಿದೆ. ಡಾಂಬರಿನ ಮಟ್ಟಕ್ಕೆ ಸಮನಾದ, ಗಟ್ಟಿಯಾದ ಅಂಚು ಬೇಕು. ಟ್ರೈಲರುಗಳಿಗೆ ಹಿಂದಿನ ದೀಪ ಮತ್ತು ಪ್ರತಿಫಲಕ, ಗ್ರಾಮಗಳಿಗೆ ಒಕ್ಕಣೆ ಕಣ ಬೇಕು. ಕಳಪೆ ವಿನ್ಯಾಸದಿಂದ ಸಾವುನೋವಾದರೆ ಗುತ್ತಿಗೆದಾರ ಮತ್ತು ಹೊಣೆಗಾರ ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 198-ಎ ಕಲಮು 2019ರಿಂದ ಕಾಯ್ದೆಯಲ್ಲಿದೆ, ಅದನ್ನು ಬಳಸಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಈ ಬೇಡಿಕೆಗಳು ಗ್ರಾಮಸಭೆಯ ನಿರ್ಣಯವಾಗಿ ತಲುಪಬೇಕು. ವಿದ್ಯಾರ್ಥಿಗಳು ತಮ್ಮ ಶಾಲೆಯ ದಾರಿಯಲ್ಲಿ ಕುಸಿದ ಅಂಚು, ಕುರುಡು ತಿರುವು, ದೀಪವಿಲ್ಲದ ಕೂಡುರಸ್ತೆಗಳ ನಕ್ಷೆ ಬರೆದು ನಿರ್ಣಯದ ಜೊತೆ ಲಗತ್ತಿಸಬಹುದು.

ಸವಾರನಿಗೂ ಕರ್ತವ್ಯವಿದೆ. ರಾತ್ರಿ ದೀಪ, ಹಿಂದೆ ಕೆಂಪು ಪ್ರತಿಫಲಕ, ಹಿಡಿತವಿರುವ ಬ್ರೇಕು, ರಸ್ತೆಯ ಎಡಬದಿ ಅವನ ಪಾಲಿನವು. ಅವನು ಅಷ್ಟನ್ನು ಮಾಡಿದ ಮೇಲೂ ಸತ್ತರೆ ಆ ಸಾವಿಗೆ ಸೈಕಲ್ ಕಾರಣ ಎಂದು ದಾಖಲೆ ಬರೆಯುವ ಕೈ ಒಂದು ಕ್ಷಣ ನಿಂತು, ಆ ರಸ್ತೆಯ ವೇಗವನ್ನು ಯಾರು ನಿಗದಿಪಡಿಸಿದರು, ಅದರ ಅಂಚನ್ನು ಯಾರು ಕಟ್ಟದೆ ಬಿಟ್ಟರು ಎಂಬುದನ್ನೂ ಬರೆಯಲಿ.